ಏಳನೇ ಎಡಿಷನ್ನಿಗೆ ಶರಣಾದ ಕಥೆ

ಹಳೆಯದನ್ನೇ ಹಿಡಿದುಕೊಂಡು ಕೂತವರ ಸಂಘವೊಂದಿದೆ. ಅದಕ್ಕೆ ಕಚೇರಿಯಿಲ್ಲ, ಚಂದಾ ಇಲ್ಲ, ಆದರೂ ಸದಸ್ಯರಿಗೆ ಬರವಿಲ್ಲ. ಫೋನು ಅಪ್‌ಡೇಟ್ ಕೇಳಿದಾಗಲೆಲ್ಲ ‘ನಾಳೆ’ ಒತ್ತುವವರು, ಹೊಸ ಮಿಕ್ಸಿ ಕೊಂಡರೂ ಹಳೆಯದರ ಜಾರನ್ನು ಅಟ್ಟಕ್ಕೇರಿಸಿ ಕಾಪಾಡುವವರು, ‘ನಮ್ಮ ಕಾಲದ ಸಿಲಬಸ್ಸೇ ಸಿಲಬಸ್ಸು’ ಎಂದು ಮಕ್ಕಳ ಮುಂದೆ ಮೀಸೆ ತಿರುವಿದವರು, ಎಲ್ಲರೂ ಇದರಲ್ಲಿದ್ದೀರಿ. ನಾಚಿಕೊಳ್ಳಬೇಡಿ, ನಾವೆಲ್ಲ ಒಂದೇ ದೋಣಿಯವರು. ನಾನು ಈ ಸಂಘದ ಮ್ಯಾಸಚೂಸೆಟ್ಸ್ ಘಟಕದಲ್ಲಿ, ಅದರಲ್ಲೂ ಭೂತಪ್ರೇತದ ಆಟಗಳ ವಿಭಾಗದಲ್ಲಿ, ಆಜೀವ ಸದಸ್ಯನಾಗಿದ್ದೆ. ಈಚೆಗಷ್ಟೇ ಉಚ್ಚಾಟನೆಯಾಯಿತು.

ಆಟದ ಹೆಸರು ‘ಕಾಲ್ ಆಫ್ ಕ್ಥುಲ್ಹು’. ಕೇಳಿಲ್ಲದವರು ಗಾಬರಿಯಾಗಬೇಡಿ, ಇದರಲ್ಲಿ ಕಂಪ್ಯೂಟರಿಲ್ಲ, ದುಡ್ಡು ಕಟ್ಟುವುದಿಲ್ಲ, ಮೈ ದಣಿಯುವುದಂತೂ ಇಲ್ಲವೇ ಇಲ್ಲ. ತಾಳಮದ್ದಳೆ ನೋಡಿದ್ದೀರಲ್ಲ, ವೇಷ ಕಟ್ಟದೆ, ಕೂತಲ್ಲಿಂದಲೇ, ಹೊಳೆದ ಮಾತಿನಲ್ಲಿ ಅರ್ಥ ಹೇಳುತ್ತಾ ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ ಆಗಿಬಿಡುವುದು? ಹೆಚ್ಚುಕಡಿಮೆ ಹಾಗೇ. ಭಾಗವತರ ಜಾಗದಲ್ಲಿ ‘ಕೀಪರ್’ ಎಂಬೊಬ್ಬರು ಕೂತು ಕಥೆ ನಡೆಸುತ್ತಾರೆ. ಮಿಕ್ಕವರು 1920ರ ದಶಕದ ಪತ್ರಕರ್ತರೋ ಪ್ರೊಫೆಸರರೋ ಪತ್ತೇದಾರರೋ ಆಗಿ, ಹೋಗಬಾರದ ಮನೆಗೆ ಹೋಗಿ, ಓದಬಾರದ ಪುಸ್ತಕ ಓದಿ, ನೋಡಬಾರದ್ದನ್ನು ನೋಡುತ್ತಾರೆ. ಕರ್ಣನ ಬಾಣ ತಗುಲಿತೋ ಇಲ್ಲವೋ ಎಂಬುದನ್ನು ಮಾತ್ರ ದಾಳ ತೀರ್ಮಾನಿಸುತ್ತದೆ. ಹತ್ತು ಮುಖದ ಎರಡು ದಾಳ ಹಾಕಿ ನೂರರೊಳಗೆ ಒಂದು ಸಂಖ್ಯೆ ತೆಗೆಯಬೇಕು. ನಿಮ್ಮ ಸಾಮರ್ಥ್ಯದ ಅಂಕವನ್ನು ಅದು ದಾಟದಿದ್ದರೆ ಗೆದ್ದಿರಿ, ದಾಟಿದರೆ ಹರಿ ಹರಿ.

ಕಥೆಗಳೆಲ್ಲ ಮೂಲದಲ್ಲಿ ಪ್ರಾವಿಡೆನ್ಸ್ ಊರಿನ ಎಚ್. ಪಿ. ಲವ್‌ಕ್ರಾಫ್ಟ್ ಅವರವು. 1890ರಲ್ಲಿ ಹುಟ್ಟಿ 1937ರಲ್ಲಿ ಬಡತನದಲ್ಲೇ ತೀರಿಕೊಂಡ ಈ ಮನುಷ್ಯ 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಕ್ಥುಲ್ಹು ಎಂಬ ಸಮುದ್ರತಳದ ಮಹಾಭೂತವನ್ನು ಪ್ರಕಟಿಸಿದರು. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಅದನ್ನು ಆಟವಾಗಿಸಿದರು, ಕೇಯಾಸಿಯಂ ಎಂಬ ಸಂಸ್ಥೆ ಹೊರತಂದಿತು. ಮಿಕ್ಕ ಆಟಗಳಲ್ಲಿ ರಾಕ್ಷಸನನ್ನು ಕೊಂದು ನೀವು ಬಲಿಯುತ್ತಾ ಹೋಗುತ್ತೀರಿ. ಇಲ್ಲಿ ರಾಕ್ಷಸನನ್ನು ಕಂಡು ನಿಮ್ಮ ‘ಸ್ಯಾನಿಟಿ’, ಅಂದರೆ ತಲೆ ನೆಟ್ಟಗಿರುವ ಅಂಕ, ಕರಗುತ್ತಾ ಹೋಗುತ್ತದೆ. ಕೊನೆಗೆ ಹುಚ್ಚಾಸ್ಪತ್ರೆ, ಇಲ್ಲವೇ ಸಾವು. ಹಳೆಯ ನಿಯಮದಲ್ಲಿ ಸಾಕ್ಷಾತ್ ಕ್ಥುಲ್ಹು ಎದ್ದು ಬಂದರೆ ಒಂದು ಸುತ್ತಿಗೆ ಒಬ್ಬರಿಂದ ಮೂವರನ್ನು ನುಂಗುತ್ತಿದ್ದ; ಎಷ್ಟು ಮಂದಿ ಎಂಬುದಕ್ಕೂ ದಾಳ ಹಾಕಬೇಕಿತ್ತು. ಇಷ್ಟು ಅಚ್ಚುಕಟ್ಟಾದ ಆಟವನ್ನು ಯಾರಾದರೂ ತಿದ್ದುತ್ತಾರೆಯೇ?

ತಿದ್ದಿದರು.

ನಾನು ಈ ದೇಶಕ್ಕೆ ಓದಲು ಬಂದಾಗ ಕೈಗೆ ಸಿಕ್ಕಿದ್ದು 1992ರ ಐದನೇ ಎಡಿಷನ್. ಸ್ಟೈಪೆಂಡಿನ ದುಡ್ಡಲ್ಲಿ ಚಳಿಗಾಲದ ಬೂಟು ತಗೊಳ್ಳುವುದೋ ಈ ಪುಸ್ತಕವೋ ಎಂದು ಒಂದು ಸಂಜೆಯೆಲ್ಲ ಯೋಚಿಸಿ ಪುಸ್ತಕ ತಂದೆ, ಆ ವರ್ಷ ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಿಮದಲ್ಲಿ ಓಡಾಡಿದೆ. ಅದರೊಳಗೆ ‘ರೆಸಿಸ್ಟೆನ್ಸ್ ಟೇಬಲ್’ ಎಂಬ ಕೋಷ್ಟಕವಿತ್ತು. ನಿಮ್ಮ ಶಕ್ತಿಗೂ ಎದುರಿನವನ ಶಕ್ತಿಗೂ ತಾಕಲಾಟವಾದಾಗ ಗೆಲ್ಲುವ ಸಾಧ್ಯತೆ ಎಷ್ಟು ಎಂದು ಅದರಲ್ಲಿ ನೋಡಬೇಕು. ನಾನು ನೋಡುತ್ತಿರಲಿಲ್ಲ, ಬಾಯಿಪಾಠ ಮಾಡಿದ್ದೆ. ಹದಿಮೂರಕ್ಕೆ ಹನ್ನೊಂದು ಎದುರಾದರೆ 60. ಒಂಬತ್ತಕ್ಕೆ ಹದಿನಾಲ್ಕಾದರೆ 25. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಮೆಚ್ಚಿಸಲು ಅದನ್ನು ಒಪ್ಪಿಸಿದ್ದೂ ಉಂಟು. ಪಾಪ, ಆಕೆ ಪೂರ್ತಿ ಕೇಳಿದಳು.

2014ರಲ್ಲಿ ಮೈಕ್ ಮೇಸನ್, ಪಾಲ್ ಫ್ರಿಕರ್ ಎಂಬಿಬ್ಬರು ಕೂತು ತಿದ್ದಿದ ಏಳನೇ ಎಡಿಷನ್ ಬಂದಾಗ ನನಗೆ ತಲುಪಿದ ಮೊದಲ ಸುದ್ದಿಯೇ ಆ ಟೇಬಲ್ ತೆಗೆದಿದ್ದಾರೆ ಎಂಬುದು. ಅಲ್ಲಿಗೆ ನಾನು ಆ ಪುಸ್ತಕಕ್ಕೆ ನೀರು ಬಿಟ್ಟೆ. ಓದದೇ ವಿಮರ್ಶೆ ಮಾಡುವುದರಲ್ಲಿ ಒಂದು ಸುಖವಿದೆ, ನಿಮಗೆ ಗೊತ್ತಿರುತ್ತದೆ, ವರ್ಷಗಟ್ಟಲೆ ಅನುಭವಿಸಿದೆ. ಕೊನೆಗೆ ಕಾಲೇಜಿಗೆ ಹೋಗುವ ಮಗಳು ಹುಟ್ಟುಹಬ್ಬಕ್ಕೆಂದು ಅದನ್ನೇ ಸುತ್ತಿ ತಂದುಕೊಟ್ಟಳು. ಒಂದಲ್ಲ, ಕೀಪರಿಗೊಂದು, ಆಡುವವರಿಗೊಂದು, ಎರಡೆರಡು ಹೊತ್ತಗೆ. ‘ಅಪ್ಪಾ, ಒಂದ್ಸಲ ಓದಿ ಆಮೇಲೆ ಬೈ’ ಅಂದಳು. ನ್ಯಾಯವಾದ ಮಾತು. ಹಾಗಾಗಿ ಬೈಯುವ ಉದ್ದೇಶದಿಂದಲೇ ಕನ್ನಡಕ ಏರಿಸಿದೆ.

ಪುಟ ತೆರೆದರೆ ಮೊದಲು ಕಣ್ಣಿಗೆ ಬಿದ್ದದ್ದು ವಯಸ್ಸಿನ ನಿಯಮ. ಪಾತ್ರದ ವಯಸ್ಸು ಐವತ್ತು ದಾಟಿದ್ದರೆ ಬಲ, ಆರೋಗ್ಯ, ಚುರುಕುತನ ಮೂರರಿಂದ ಒಟ್ಟು 10 ಅಂಕ ಕಳೆಯಿರಿ, ರೂಪದಿಂದ ಬೇರೆ ಇನ್ನೊಂದು 10, ಓಟದ ವೇಗದಲ್ಲಿ 2. ಪುಸ್ತಕ ಮಡಿಸಿ ಬಚ್ಚಲಿಗೆ ಹೋಗಿ ಕನ್ನಡಿ ನೋಡಿಕೊಂಡೆ. ಹತ್ತು ಅಂದದ್ದು ಅವರ ದೊಡ್ಡ ಮನಸ್ಸು.

ಆದರೂ ಜಂಬ ಬಿಡಲಿಲ್ಲ. ಮುಂದಿನ ಶನಿವಾರ ಮಗಳ ಸ್ನೇಹಿತರು ನಾಲ್ಕೈದು ಮಂದಿ ಬರುವವರಿದ್ದರು. ನಾನೇ ಕೀಪರ್ ಎಂದು ಘೋಷಿಸಿ, ನಿಯಮ ಓದುವುದೆಲ್ಲ ಹೊಸಬರ ಕೆಲಸ ಎಂದುಕೊಂಡು, ಎಲ್ಲರ ಪಾತ್ರಗಳನ್ನೂ ನಾನೇ ಸಿದ್ಧಪಡಿಸಿದೆ. ಹಳೆಯ ಪದ್ಧತಿಯಲ್ಲಿ ಮನೋಬಲದ ಅಂಕ 3ರಿಂದ 18ರೊಳಗೆ. ಅದನ್ನು ಐದರಿಂದ ಗುಣಿಸಿದರೆ ಸ್ಯಾನಿಟಿ. ಕೈ ತಾನಾಗಿ ಗುಣಿಸುತ್ತದೆ, ತಲೆಯನ್ನು ಕೇಳುವುದಿಲ್ಲ. ಹೊಸ ಪುಸ್ತಕದವರು ಆ ಗುಣಾಕಾರವನ್ನು ಮೊದಲೇ ಮುಗಿಸಿ, ಮನೋಬಲವನ್ನೇ 65, 70 ಎಂದು ಕೊಟ್ಟಿದ್ದರು. ನಾನು ಅದನ್ನು ಇನ್ನೊಮ್ಮೆ ಐದರಿಂದ ಗುಣಿಸಿದೆ. ಒಳ್ಳೆಯ ಪೆನ್ನಿನಲ್ಲಿ, ದುಂಡು ಅಕ್ಷರದಲ್ಲಿ, ಎಲ್ಲರ ಹಾಳೆಯಲ್ಲೂ: ಸ್ಯಾನಿಟಿ 325, ಸ್ಯಾನಿಟಿ 350. ಆಟದಲ್ಲಿ ಅದರ ಗರಿಷ್ಠ ಮಿತಿ 99.

‘ಅಪ್ಪಾ, ಇಷ್ಟು ನೆಟ್ಟಗಿರೋ ಮನುಷ್ಯರು ಎದುರಿಗೆ ಬಂದ್ರೆ ಕ್ಥುಲ್ಹುವಿಗೇ ಹುಚ್ಚು ಹಿಡಿಯುತ್ತೆ’ ಅಂದಳು ಮಗಳು.

ಹುಡುಗರು ಒಳ್ಳೆಯವರು, ನಗಲಿಲ್ಲ. ಅದೇ ಕಷ್ಟವಾಗಿದ್ದು.

ಹೋದ ಮರ್ಯಾದೆಯನ್ನು ವಾತಾವರಣದಿಂದ ಗಳಿಸೋಣ ಎಂದು ನೆಲಮಾಳಿಗೆಯ ದೀಪ ಆರಿಸಿದೆ. ನೆಲಮಾಳಿಗೆ ಅಂದರೆ ಇಲ್ಲಿಯ ಮನೆಗಳಲ್ಲಿ ಬಾಯ್ಲರು, ಅಕ್ಕಿ ಮೂಟೆ, ಬಿಚ್ಚದ ಸೂಟ್‌ಕೇಸು, ಮುರಿದ ಟ್ರೆಡ್‌ಮಿಲ್ಲು ಇವುಗಳ ವಾಸಸ್ಥಾನ. ದೀಪ ಆರಿಸಿದರೆ ಸಾಕಷ್ಟು ಭಯವಾಗುತ್ತದೆ. ಮೇಣದಬತ್ತಿ ಹಚ್ಚಿದೆ. ಸ್ಮಶಾನದ ಹಬೆಯಂಥದ್ದೇನಾದರೂ ಬೇಕಲ್ಲ ಎಂದು ದೇವರ ಮನೆಯಿಂದ ಊದುಬತ್ತಿ ತಂದು ಒಂದು ಹಿಡಿ ಹಚ್ಚಿದೆ. ಮೈಸೂರಿನ ಮಲ್ಲಿಗೆ ಪರಿಮಳ. ಹುಡುಗರೆಲ್ಲ ತಟ್ಟನೆ ಬೆನ್ನು ನೆಟ್ಟಗೆ ಮಾಡಿ, ಚಕ್ಕಂಬಕ್ಕಳ ಹಾಕಿ, ಶಾಂತವಾಗಿ ಕೂತರು. ಒಬ್ಬಳು ಚಪ್ಪಲಿ ಬಿಚ್ಚಿ ದೂರ ಇಟ್ಟು ಬಂದಳು. ಇನ್ನೊಬ್ಬ ‘ಅಂಕಲ್, ಪ್ರಸಾದ ಇದೆಯಾ?’ ಎಂದು ಪಿಸುಗುಟ್ಟಿದ.

ಆಡಿಸಲು ಆರಿಸಿಕೊಂಡದ್ದು ‘ದ ಹಾಂಟಿಂಗ್’. ಮೊದಲ ಎಡಿಷನ್ನಿನಿಂದಲೂ ಈ ಆಟ ಕಲಿಯುವವರೆಲ್ಲ ಹತ್ತುವ ಮೊದಲ ಮೆಟ್ಟಿಲು ಅದೇ. 1920ರ ಬಾಸ್ಟನ್, ಕಾರ್ಬಿಟ್ ಎಂಬುವನು ಒಂದು ಕಾಲಕ್ಕೆ ವಾಸವಾಗಿದ್ದ ಮನೆ, ಬಾಡಿಗೆಗೆ ಬಂದ ಸಂಸಾರಕ್ಕೆ ಹುಚ್ಚು ಹಿಡಿದಿದೆ, ‘ಏನಾಗಿದೆ ನೋಡಿ ಬನ್ನಿ’ ಎಂದು ಮನೆಯ ಓನರ್ ನಿಮ್ಮನ್ನು ಕಳಿಸುತ್ತಾನೆ. (ಮುಂದೆ ಆಡಬೇಕೆಂದಿರುವವರು ಎರಡು ಪ್ಯಾರಾ ಹಾರಿಸಿ ಓದಿ. ನನ್ನ ಹುಡುಗರಿಗೆ ಆ ಸೌಲಭ್ಯ ಸಿಗಲಿಲ್ಲ.)

ಕತ್ತಲಲ್ಲಿ ನನ್ನ ಕಣ್ಣಿಗೆ ಅಕ್ಷರ ಕಾಣುವುದಿಲ್ಲ ಎಂಬುದು ಪುಸ್ತಕ ಬಿಡಿಸಿದ ಮೇಲೆ ಹೊಳೆಯಿತು. ಒಂದು ಕೈಯಲ್ಲಿ ಮೇಣದಬತ್ತಿ, ಒಂದು ಕೈಯಲ್ಲಿ ಹೊತ್ತಗೆ, ಮೂಗಿನ ತುದಿಯಲ್ಲಿ ಕನ್ನಡಕ. ಕೀಪರನ ಪುಸ್ತಕದಲ್ಲಿ ಆಡುವವರಿಗೆ ಹೇಳಬಹುದಾದ ಸಂಗತಿಯೂ ಇರುತ್ತದೆ, ಕೀಪರ್ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕಾದ ಗುಟ್ಟೂ ಇರುತ್ತದೆ. ನಾನು ಗಂಟಲು ಸರಿಪಡಿಸಿಕೊಂಡು, ದೂರದರ್ಶನದ ವಾರ್ತಾವಾಚಕರ ಗಾಂಭೀರ್ಯದಲ್ಲಿ, ಗುಟ್ಟನ್ನು ಓದಿಬಿಟ್ಟೆ. ಕಾರ್ಬಿಟ್ ಪೂರ್ತಿ ಸತ್ತಿಲ್ಲ, ನೆಲಮಾಳಿಗೆಯ ಗೋಡೆಯ ಹಿಂದೆ ಮಲಗಿದ್ದಾನೆ, ಅಲ್ಲಿ ಒಂದು ಚಾಕು ತಾನಾಗಿ ಹಾರಿ ಬರುತ್ತದೆ, ಮಹಡಿಯ ಕೋಣೆಯಲ್ಲಿರುವ ಮಂಚ ಮನುಷ್ಯರನ್ನು ಕಿಟಕಿಯಿಂದಾಚೆ ಎಸೆಯುತ್ತದೆ, ಎಲ್ಲವನ್ನೂ. ಬಾಡಿಗೆ ಎಷ್ಟೆಂಬುದೊಂದು ಬಿಟ್ಟು ಮನೆಯ ಮಿಕ್ಕೆಲ್ಲ ವಿವರ ಹೊರಬಿತ್ತು.

ಯಾರೂ ಉಸಿರೆತ್ತಲಿಲ್ಲ. ಆಮೇಲೆ ಆ ಮಕ್ಕಳು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ: ಏನೂ ಕೇಳಿಸಿಕೊಳ್ಳದವರಂತೆ ನಟಿಸಿದರು. ‘ಎಲ್ಲಿಂದ ಹುಡುಕೋದು ಅಂತಾನೇ ಗೊತ್ತಾಗ್ತಿಲ್ಲ’ ಎಂದು ಒಬ್ಬ. ‘ಮೊದಲು ಅಡುಗೆಮನೆ ನೋಡೋಣ’ ಎಂದು ಇನ್ನೊಬ್ಬಳು. ಗಂಟೆಗಟ್ಟಲೆ ಅಡುಗೆಮನೆ, ಹಿತ್ತಲು, ಕಲ್ಲಿದ್ದಲಿನ ಗೂಡು ಎಲ್ಲ ತಡಕಿ, ಕೊನೆಗೆ ‘ಅರೆ, ನೆಲಮಾಳಿಗೆಯಲ್ಲಿ ಏನೋ ಇರಬಹುದಾ?’ ಎಂದು ಆಶ್ಚರ್ಯಪಟ್ಟು, ಕಾರ್ಬಿಟ್ ಎದ್ದು ಕೂತಾಗ ಎಲ್ಲರೂ ಒಟ್ಟಿಗೆ ‘ಅಯ್ಯೋ!’ ಅಂದರು. ನನ್ನ ಮಗಳ ‘ಅಯ್ಯೋ’ ಮಾತ್ರ ಕಥೆಗೆ ಸಂಬಂಧಿಸಿದ್ದಾಗಿರಲಿಲ್ಲ.

ಮುಂದಿನ ವಾರ ಸದ್ದಿಲ್ಲದೆ ಅಧಿಕಾರ ಹಸ್ತಾಂತರವಾಯಿತು. ಅವಳು ಕೀಪರ್, ನಾನು ಆಟಗಾರ, ಕಥೆ ಮತ್ತೆ ಅದೇ. ನನಗೆ ಒಳಗೊಳಗೇ ಖುಷಿ. ಮೂಲೆ ಮೂಲೆ ಗೊತ್ತಿರುವ ಮನೆ! ಎಲ್ಲಿ ಭೂತ, ಎಲ್ಲಿ ಚಾಕು, ಎಲ್ಲಿ ಮಂಚ, ಎಲ್ಲವೂ ಹಳೆಯ ಪುಸ್ತಕದಿಂದಲೇ ಕಂಠಸ್ಥ. ಕಾಪಿ ಚೀಟಿ ಇಟ್ಟುಕೊಂಡು ಪರೀಕ್ಷೆಗೆ ಹೋದವನೂ ಫೇಲಾಗಬಹುದೆಂದು ನನಗೆ ಆಗ ತೋಚಲಿಲ್ಲ.

ನನ್ನ ಪಾತ್ರ ಪ್ರೊಫೆಸರ್ ಶಾಮಣ್ಣ, ಮೈಸೂರಿನಿಂದ ಬಾಸ್ಟನ್ನಿಗೆ ವೇದಾಂತ ಬೋಧಿಸಲು ಬಂದವರು. ಪತ್ತೇದಾರನಾಗಬೇಕೆಂದಿದ್ದೆ, ಮಗಳು ಬಿಡಲಿಲ್ಲ. 1917ರ ವಲಸೆ ಕಾನೂನು ಏಷ್ಯಾದ ಬಹುಪಾಲಿಗೆ ಬಾಗಿಲು ಮುಚ್ಚಿತ್ತು, ವಿದ್ಯಾರ್ಥಿಗಳು, ಧರ್ಮಬೋಧಕರು, ವ್ಯಾಪಾರಿಗಳು ಇಂಥ ಕೆಲವರಿಗಷ್ಟೇ ವಿನಾಯಿತಿ ಎಂದು ಪಾಠ ಮಾಡಿದಳು. ಲವ್‌ಕ್ರಾಫ್ಟ್ ಮಹಾಶಯರಿಗೂ ವಲಸೆ ಬಂದವರನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಪತ್ರಗಳಲ್ಲೂ ಕಥೆಗಳಲ್ಲೂ ಆ ಕಹಿ ಧಾರಾಳವಾಗಿದೆ. ಅವರ ಊರಿನಿಂದ ಒಂದು ಗಂಟೆ ದೂರದಲ್ಲಿ ಬಿಸಿಬೇಳೆಬಾತ್ ಉಣ್ಣುತ್ತಾ ಅವರ ಭೂತಗಳ ಜೊತೆ ಶಾಮಣ್ಣನವರನ್ನು ಕೂರಿಸುವುದು ನನ್ನ ಸಣ್ಣ ಸೇಡು.

ಹೊಸ ಎಡಿಷನ್ನಿನಲ್ಲಿ ಬೇಕಿದ್ದರೆ ಬಳಸಬಹುದಾದ ಒಂದು ನಿಯಮವಿದೆ. ನಿಮ್ಮ ಅದೃಷ್ಟದ ಅಂಕವನ್ನು ದುಡ್ಡಿನಂತೆ ಖರ್ಚು ಮಾಡಿ ದಾಳದ ಫಲಿತಾಂಶ ತಿದ್ದಿಕೊಳ್ಳಬಹುದು. ಹತ್ತು ಅಂಕದಲ್ಲಿ ಸೋತರೆ ಹತ್ತು ಅದೃಷ್ಟ ಕೊಟ್ಟು ಗೆಲ್ಲಿ. ಶಾಮಣ್ಣನವರ ಬಳಿ 55 ಇತ್ತು. ಮೊದಲಿಗೆ ಪತ್ರಿಕಾ ಕಚೇರಿಯ ಗುಮಾಸ್ತನನ್ನು ಒಲಿಸಲಾಗದೆ 18 ಕೊಟ್ಟೆ. ಗ್ರಂಥಾಲಯದಲ್ಲಿ ಸರಿಯಾದ ಕಪಾಟು ಸಿಗದೆ 22. ಅದೇ ಗ್ರಂಥಾಲಯದ ಮೆಟ್ಟಿಲಿಳಿಯುವಾಗ ಕಾಲು ಜಾರಿ 13. ಕಾರ್ಬಿಟ್‌ನ ಬೀದಿಗೆ ಇನ್ನೂ ತಿರುಗಿರಲಿಲ್ಲ, ಜೇಬಿನಲ್ಲಿ ಉಳಿದ ಅದೃಷ್ಟ 2. ತಿಂಗಳ ಮೊದಲ ವಾರದಲ್ಲೇ ಸಂಬಳ ಮುಗಿಸಿಕೊಂಡ ಅನುಭವ ಇರುವವರಿಗೆ ಹೆಚ್ಚು ಹೇಳಬೇಕಿಲ್ಲ.

ಅದೃಷ್ಟ ಬರಿದಾದವರಿಗೆಂದೇ ಇರುವುದು ‘ಪುಶ್’. ನನ್ನ ಪತನ ಶುರುವಾದದ್ದು ಅಲ್ಲಿ, ಪ್ರೇಮ ಶುರುವಾದದ್ದೂ ಅಲ್ಲೇ. ದಾಳ ಕೈಕೊಟ್ಟರೆ ಇನ್ನೊಮ್ಮೆ ಹಾಕಬಹುದು. ಆದರೆ ಪಾತ್ರ ಹೆಚ್ಚಿನ ಸಾಹಸವೇನು ಮಾಡುತ್ತದೆ ಎಂದು ನೀವು ಬಾಯಿಬಿಟ್ಟು ಹೇಳಬೇಕು, ಎರಡನೇ ಸಲವೂ ಸೋತರೆ ಕೀಪರ್ ನಿಮಗೆ ಮೊದಲಿಗಿಂತ ಘೋರವಾದದ್ದೇನನ್ನೋ ಉಣಬಡಿಸಬಹುದು. ಹಳೆಯ ಆಟದಲ್ಲಿ ಸೋತರೆ ದಾಳವನ್ನು ಬೈದು ಸುಮ್ಮನಾಗುತ್ತಿದ್ದೆ. ಇಲ್ಲಿ ಬೈಯಲು ದಾಳವೇ ಸಿಗುವುದಿಲ್ಲ. ಗುಂಡಿ ತೋಡಲು ಸಲಿಕೆ ಕೇಳಿ ತಗೊಂಡವರು ನೀವೇ. ನಡುವೆ ಕೀಪರ್ ಮೆತ್ತಗೆ ‘ಶ್ಯೂರಾ?’ ಅಂತಲೂ ಕೇಳುತ್ತಾಳೆ.

ಮನೆಯ ಮುಂಬಾಗಿಲಿಗೆ ಬೀಗ. ನಾನು ತಂತಿ ತೂರಿಸಿ ಬೀಗ ತೆಗೆಯುತ್ತೇನೆ ಅಂದೆ. 83 ಬಿತ್ತು. ‘ಪುಶ್’ ಅಂದೆ. ‘ಏನು ಮಾಡ್ತಾರೆ ಶಾಮಣ್ಣ?’ ‘ಬಾಗಿಲಿಗೆ ಕಾಲು ಕೊಟ್ಟು ತಂತಿ ಜಗ್ಗುತ್ತಾರೆ.’ ‘ಶ್ಯೂರಾ ಅಪ್ಪಾ?’ ‘ಶ್ಯೂರ್.’ 91 ಬಿತ್ತು. ನಾನು ಕನ್ನಡಕವಿಲ್ಲದೆ 61 ಎಂದು ಓದಿ ವಾದಿಸಿದೆ. 61 ಆಗಿದ್ದರೂ ಸೋಲೇ ಎಂದು ಪಕ್ಕದ ಹುಡುಗ ವಿನಯದಿಂದ ತಿಳಿಸಿದ. ತಂತಿ ಮುರಿಯಿತು, ಸದ್ದಿಗೆ ಬೀದಿಯ ಪೊಲೀಸಿನವನು ಸೀಟಿ ಊದುತ್ತಾ ಓಡಿಬಂದ. ಅಷ್ಟು ಹೊತ್ತಿಗೆ ಮಗಳು ತಣ್ಣಗೆ ಹೇಳಿದಳು: ‘ಅಪ್ಪಾ, ಓನರ್ ಕೀ ಕೊಟ್ಟಿದ್ದಾನೆ. ನಿನ್ನ ಕೋಟಿನ ಜೇಬಲ್ಲೇ ಇದೆ. ನೀನೇ ಬರ್ಕೊಂಡಿದ್ದೀಯ.’

ನೋಡಿದರೆ ಹೌದು. ನನ್ನದೇ ಅಕ್ಷರ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಈಗ ಕೀಲಿ ಹಾಕಿ ಒಳನುಗ್ಗಿ, ಪೊಲೀಸಿನವನಿಂದ ತಪ್ಪಿಸಿಕೊಳ್ಳಲು ಮಹಡಿ ಹತ್ತಿದೆ. ಮೊದಲು ಸಿಕ್ಕ ಕೋಣೆಗೆ ಹೊಕ್ಕೆ. ‘ಏನಿದೆ ಇಲ್ಲಿ?’ ‘ಕಿಟಕಿ, ಒಂದು ಮಂಚ.’ ‘ಮಂಚದ ಕೆಳಗೆ ಅಡಗಿಕೊಳ್ತೀನಿ.’

ಮೇಜಿನ ಸುತ್ತ ಐದು ಮುಖಗಳೂ ನನ್ನ ಕಡೆ ತಿರುಗಿದವು. ಈ ಮಂಚದ ವಿಷಯವನ್ನು ಹಿಂದಿನ ವಾರ ಗಟ್ಟಿಯಾಗಿ ಓದಿ ಹೇಳಿದವನು ನಾನು. ಅದಕ್ಕೂ ಮುಂಚೆ ಎಷ್ಟೋ ವರ್ಷಗಳಿಂದ ಎಷ್ಟೋ ಮಂದಿಯನ್ನು ಇದೇ ಮಂಚದಿಂದ ಕಿಟಕಿಯಾಚೆ ಎಸೆಸಿ ಕೇಕೆ ಹಾಕಿ ನಕ್ಕವನು. ಮಗಳು ಬಗ್ಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಬಿಡಿಸಿ ಬಿಡಿಸಿ ಕೇಳಿದಳು: ‘ಮಂಚದ ಕೆಳಗೆ. ಶ್ಯೂರಾ, ಅಪ್ಪಾ?’ ನಾನು, ತಂತ್ರ ಬಲ್ಲವನ ನಗೆ ಬೀರಿ, ‘ಶ್ಯೂರ್’ ಅಂದೆ. ಪೊಲೀಸಿನವನಿಂದ ತಪ್ಪಿಸಿಕೊಳ್ಳುವ ಭರದಲ್ಲಿ ಮಿಕ್ಕೆಲ್ಲ ತಲೆಯಿಂದ ಜಾರಿತ್ತು. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಅಂತ ನಿಂತುಬಿಡುತ್ತೀರಲ್ಲ, ಅದೇ ಜಾಡ್ಯ.

ಮಂಚ ತನ್ನ ಕರ್ತವ್ಯ ಮಾಡಿತು. ಶಾಮಣ್ಣನವರು ಗಾಜು ಒಡೆದುಕೊಂಡು, ಸೀಟಿ ಊದುತ್ತಿದ್ದ ಪೊಲೀಸಿನವನ ಪಕ್ಕದಲ್ಲೇ ಬಿದ್ದರು. ತಾನಾಗಿ ಕುಣಿಯುವ ಮಂಚ ಕಂಡಿದ್ದಕ್ಕೆ ಸ್ಯಾನಿಟಿ ಐದು ಅಂಕ ಇಳಿಯಿತು. ಒಂದೇ ಏಟಿಗೆ ಐದು ಹೋದರೆ ಬುದ್ಧಿಶಕ್ತಿಯ ದಾಳ ಹಾಕಬೇಕು, ಈ ಆಟದ ಅತಿ ಚೆಲುವಾದ ಕ್ರೂರ ನಿಯಮ ಇದು. ಸೋತರೆ ಬಚಾವು, ಕಂಡದ್ದು ಏನೆಂದು ದಡ್ಡನ ತಲೆಗೆ ಹೋಗಲೇ ಇಲ್ಲ. ಗೆದ್ದರೆ ಎಲ್ಲ ಸ್ಪಷ್ಟವಾಗಿ ಅರ್ಥವಾಗಿ ಹುಚ್ಚು ಹಿಡಿಯುತ್ತದೆ. ಇಡೀ ಸಂಜೆ ಒಂದು ದಾಳವನ್ನೂ ಗೆಲ್ಲದ ನಾನು ಇಲ್ಲಿ 07 ಹಾಕಿದೆ. ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಯಾವ ಬಗೆಯ ಹುಚ್ಚು ಎಂದು ಪುಸ್ತಕದ ಪಟ್ಟಿ ನೋಡಿ ಹೇಳಿದಳು: ತಡೆಯಲಾಗದ ಅಳು, ನಗು, ಕಿರುಚಾಟ. ನನಗೋ ಕಲಾಸೇವೆಯ ಹುಮ್ಮಸ್ಸು ಬಂತು. ಅಲ್ಲಿಯವರೆಗೆ ಆಟವೆಲ್ಲ ಇಂಗ್ಲಿಷಿನಲ್ಲೇ ನಡೆದಿತ್ತು. ಆದರೆ ಮೈಸೂರಿನ ಶಾಮಣ್ಣನಿಗೆ ಹುಚ್ಚು ಹಿಡಿದರೆ ಇಂಗ್ಲಿಷಿನಲ್ಲಿ ಕಿರುಚುತ್ತಾನೆಯೇ? ಕುರ್ಚಿ ಹಿಂದಕ್ಕೆ ತಳ್ಳಿ ನಿಂತು, ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಅಚ್ಚ ಕನ್ನಡದಲ್ಲಿ ಬೊಬ್ಬೆ ಹೊಡೆದೆ: ‘ಮಂಚ! ಮಂಚ ನನ್ನ ಹಿಡ್ಕೊಂಡಿದೆ! ಬಿಡೇ, ಬಿಡು ನನ್ನ!’

ಮಹಡಿಯ ಮೇಲೆ ಆ ಹೊತ್ತಿಗೆ ನನ್ನ ಹೆಂಡತಿಯ ಬಳಗ ವಿಷ್ಣು ಸಹಸ್ರನಾಮ ಹೇಳುತ್ತಿತ್ತು.

ಪಾರಾಯಣ ನಿಂತದ್ದು ಕೆಳಗಿದ್ದ ಹುಡುಗರಿಗೆ ಕೇಳಿಸಿತು. ನನಗೆ ಕೇಳಿಸಲಿಲ್ಲ, ನಾನು ಅಳುವ ಭಾಗಕ್ಕೆ ಬಂದಿದ್ದೆ. ಬಾಗಿಲು ತೆರೆಯಿತು. ಮೊದಲ ಮೆಟ್ಟಿಲ ಮೇಲೆ ನಿಂತದ್ದು ಊರಿನಿಂದ ಬಂದಿದ್ದ ನಮ್ಮ ಅತ್ತೆ, ಎಂಬತ್ತು ದಾಟಿದ ಹಿರಿಯರು. ಅವರಿಗೆ ಕಂಡದ್ದು ಇಷ್ಟು: ಕತ್ತಲು, ಮೇಣದಬತ್ತಿ, ಊದುಬತ್ತಿಯ ಹೊಗೆ, ತಲೆ ಮೇಲೆ ಕಂಬಳಿ ಹೊದ್ದು ಅಳುತ್ತಿರುವ ಅಳಿಯ. ಅವರು ಕಿರುಚಲಿಲ್ಲ, ಓಡಲಿಲ್ಲ. ‘ಅಳಿಯಂದ್ರೇ, ಅಲ್ಲೇ ಇರಿ, ಬಂದೆ’ ಎಂದರು. ನೇರ ಅಡುಗೆಮನೆಗೆ ಹೋಗಿ ಉಪ್ಪು, ಸಾಸಿವೆ, ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ತಂದು ಮೂರು ಸಲ ನಿವಾಳಿಸಿ, ವಾಪಸು ಹೋಗಿ ಎಲ್ಲವನ್ನೂ ಕಾದ ಬಾಣಲೆಗೆ ಹಾಕಿದರು. ಊರಲ್ಲಾಗಿದ್ದರೆ ಹಿತ್ತಲಿನ ಒಲೆಗೆ ಬೀಳುತ್ತಿತ್ತು, ನಾಲ್ಕು ಸೀನಿಗೆ ಮುಗಿಯುತ್ತಿತ್ತು. ಇಲ್ಲಿ ಒಂದು ಒಗ್ಗರಣೆ ಸಿಡಿದರೂ ಟವೆಲ್ ಬೀಸಿ ಸಮಾಧಾನಪಡಿಸಬೇಕಾದ ಹೊಗೆ ಅಲಾರಂ ಉಂಟು. ಅದು ಅಷ್ಟು ಮೆಣಸಿನಕಾಯಿಗೆ ಏನು ಮಾಡಬೇಕೋ ಅದನ್ನೇ ಮಾಡಿತು. ನಮ್ಮ ಮನೆಯ ಅಲಾರಂ ಕೂಗಿದರೆ ಅಗ್ನಿಶಾಮಕದವರಿಗೆ ತಾನಾಗಿ ಸುದ್ದಿ ಹೋಗುತ್ತದೆ. ಆ ಏರ್ಪಾಡಿಗೆ ಹಟ ಹಿಡಿದು ದುಡ್ಡು ಕಟ್ಟಿದವನೂ ನಾನೇ.

ಕೆಂಪು ವಾಹನ ಬಂತು. ಸಹಸ್ರನಾಮದವರೆಲ್ಲ ರೇಷ್ಮೆ ಸೀರೆಯ ಮೇಲೆ ಚಳಿಯ ಕೋಟು ಹಾಕಿಕೊಂಡು, ಕೆಮ್ಮುತ್ತಾ ಅಂಗಳದಲ್ಲಿ ನಿಂತರು. ಆರಡಿ ಎತ್ತರದ ಇಬ್ಬರು ಶಿರಸ್ತ್ರಾಣ ಧರಿಸಿ ನೆಲಮಾಳಿಗೆಗೆ ಇಳಿದು, ‘ಯಾರಿಗಾದರೂ ಪೆಟ್ಟಾಗಿದೆಯೇ?’ ಎಂದರು. ಒಬ್ಬ ಹುಡುಗ ಆಟದ ಗುಂಗಿನಲ್ಲೇ ನನ್ನತ್ತ ಕೈತೋರಿಸಿ, ‘ಇವರು ಮಹಡಿಯ ಕಿಟಕಿಯಿಂದ ಬಿದ್ದಿದ್ದಾರೆ, ಮೂರು ಹಿಟ್ ಪಾಯಿಂಟ್ ಉಳಿದಿದೆ’ ಅಂದ. ಅವರು ನೆಲಮಾಳಿಗೆಯ ಗೋಡೆಯನ್ನೂ, ಕಂಬಳಿ ಹೊದ್ದ ನನ್ನನ್ನೂ ಬಹಳ ಹೊತ್ತು ನೋಡಿದರು. ‘ನಿಮ್ಮ ಹೆಸರೇನು ಸರ್?’ ಎಂದು ಮೃದುವಾಗಿ ಕೇಳಿದರು. ತಲೆ ನೆಟ್ಟಗಿದೆಯೇ ಎಂದು ಪರೀಕ್ಷಿಸುವವರ ದನಿ ಅದು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು: ‘ಪ್ರೊಫೆಸರ್ ಶಾಮಣ್ಣ.’

ಹೆಂಡತಿ ಡ್ರೈವಿಂಗ್ ಲೈಸೆನ್ಸ್ ತಂದು ತೋರಿಸಿ ನನ್ನನ್ನು ಬಿಡಿಸಿಕೊಂಡಳು. ಆ ವಾರವಿಡೀ ಮನೆಯಲ್ಲಿ ನನ್ನನ್ನು ಯಾರೂ ಮಾತಾಡಿಸಲಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು. ಅವರಿಗೆ ಕಥೆಯೇನೆಂದು ತಿಳಿಯಬೇಕಿತ್ತು. ಪೂರ್ತಿ ಹೇಳಿದೆ. ಕೇಳಿ, ‘ಅಲ್ಲ, ಆ ಮನೆ ಸರಿಯಿಲ್ಲ ಅಂತ ಗೊತ್ತಾದ ಮೇಲೂ ಒಳಗೆ ಯಾಕೆ ಹೋಗ್ತೀರಿ? ಓನರ್‌ನ ಕರೆದು ಅವನನ್ನೇ ಮೊದಲು ಮೆಟ್ಟಿಲು ಹತ್ತಿಸಬೇಕು’ ಎಂದರು. ನಲವತ್ತು ವರ್ಷಕ್ಕೂ ಮಿಕ್ಕಿ ಜನ ಆಡುತ್ತಿರುವ ಆಟ. ನನ್ನ ಮೇಜಿನಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಶಾಮಣ್ಣನವರಿಗೆ ಆಮೇಲೆ ಉಳಿದದ್ದು ಒಂದು ಕಾಯಂ ಭಯ. ಪುಸ್ತಕದ ನೂರು ಭಯಗಳ ಪಟ್ಟಿಗೆ ದಾಳ ಹಾಕಿದಾಗ ಬಂದದ್ದು ಬೆಳ್ಳುಳ್ಳಿಯ ಭಯ. ‘ಅದರಲ್ಲಿ ಭಯ ಏನು ಬಂತು, ಆಚಾರವಂತ’ ಎಂದು ಅತ್ತೆ ಅವರನ್ನು ಮೆಚ್ಚಿಕೊಂಡರು. ಆ ಮೆಚ್ಚುಗೆಯಲ್ಲೇ ಮುಂದಿನ ಶನಿವಾರ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದು ಕುರ್ಚಿ ಎಳೆದು ಕೂತರು. ತಮ್ಮದೇ ವಯಸ್ಸಿನ ಪಾತ್ರ ಬೇಕೆಂದರು. ಮಗಳು ಸಂಕೋಚದಿಂದ ನಿಯಮ ಓದಿದಳು: ಎಂಬತ್ತು ದಾಟಿದರೆ ಬಲ, ಆರೋಗ್ಯ, ಚುರುಕುತನದಿಂದ ಒಟ್ಟು 80 ಅಂಕ, ರೂಪದಿಂದ 25 ಕಡಿತ.

‘ಬರೀ ಎಂಬತ್ತಾ? ಮೊಣಕಾಲಿಗೇ ಅಷ್ಟು ಹೋಗಿದೆ, ಬರ್ಕೋ’ ಎಂದರು ಅಜ್ಜಿ.

ಅವರು ಪುಶ್ ಮಾಡುವುದಿಲ್ಲ. ಮಗಳು ‘ಶ್ಯೂರಾ ಅಜ್ಜಿ?’ ಎಂದರೆ ‘ಇಲ್ಲ ಕಣೆ, ಹಾಗಾದ್ರೆ ಬೇಡ’ ಎಂದುಬಿಡುತ್ತಾರೆ. ಅದೃಷ್ಟದ ಅಂಕ ಒಂದನ್ನೂ ಮುಟ್ಟಿಲ್ಲ, ಕಷ್ಟಕಾಲಕ್ಕಿರಲಿ ಎಂದು. ಹುಡುಗರೆಲ್ಲ ಈಗ ಅವರ ಹಿಂದೆ ಹಿಂದೆ ನಡೆಯುತ್ತಾರೆ. ನಾನೋ, ಅರ್ಧ ಅಂಕದೊಳಗೆ ಬಿದ್ದರೆ ‘ಹಾರ್ಡ್’, ಐದನೇ ಒಂದರೊಳಗೆ ಬಿದ್ದರೆ ‘ಎಕ್ಸ್‌ಟ್ರೀಮ್’ ಎಂದು ಹಾಳೆಯ ಮೇಲೇ ಬರೆದಿಟ್ಟ ಸಂಖ್ಯೆ ನೋಡಿಕೊಂಡು, ಲೆಕ್ಕವಿಲ್ಲದೆ, ಕೋಷ್ಟಕವಿಲ್ಲದೆ, ಹೊಸ ಹೊಸ ಗುಂಡಿಗೆ ಬೀಳುತ್ತಿದ್ದೇನೆ. ಮೊನ್ನೆ ಓದುವ ಕಾಲದ ಗೆಳೆಯನೊಬ್ಬ ಫೋನು ಮಾಡಿ, ‘ರೆಸಿಸ್ಟೆನ್ಸ್ ಟೇಬಲ್ ತೆಗೆದುಬಿಟ್ಟಿದ್ದಾರಂತಲ್ಲೋ, ಅದೂ ಒಂದು ಆಟವೇನೋ’ ಎಂದು ಗೋಳಾಡಿದ. ನಾನು ಅವನಿಗೆ ಪುಶ್ ನಿಯಮವನ್ನು ಉದಾಹರಣೆಗಳ ಸಮೇತ ವಿವರಿಸಲು ಕೂತೆ. ಎಲ್ಲ ಉದಾಹರಣೆಗಳಲ್ಲೂ ಸೋತವನು ನಾನೇ ಆದ್ದರಿಂದ ಅವನಿಗೆ ಆಟದ ಮೇಲೆ ವಿಶೇಷ ಆಸಕ್ತಿ ಹುಟ್ಟಿದೆ.

ಈಗಿನ ಚಿಂತೆ ಬೇರೆ. ಮಗಳು ‘ಮಾಸ್ಕ್ಸ್ ಆಫ್ ನ್ಯಾರ್ಲತೊಟೆಪ್’ ಎತ್ತಿಕೊಂಡಿದ್ದಾಳೆ. 1984ರಲ್ಲಿ ಬಂದ ಮಹಾಸಾಹಸ ಅದು. ನ್ಯೂಯಾರ್ಕ್, ಲಂಡನ್, ಕೈರೋ, ಕೀನ್ಯಾ, ಶಾಂಘಾಯ್ ಎಂದು ಲೋಕವೆಲ್ಲ ಸುತ್ತಿಸುತ್ತದೆ, ವಾರಕ್ಕೊಮ್ಮೆ ಆಡಿದರೂ ವರ್ಷ ಹಿಡಿಯುತ್ತದೆ. ಅತ್ತೆಯ ವಾಪಸು ಟಿಕೆಟ್ಟು ಮುಂದಿನ ತಿಂಗಳು. ಕಥೆಯನ್ನು ನ್ಯೂಯಾರ್ಕಿನಲ್ಲೇ ಬಿಟ್ಟು ಹೋಗಲು ಅವರು ಒಪ್ಪುತ್ತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಆಡುವುದೆಂದು ತೀರ್ಮಾನವಾಗಿದೆ: ಇಲ್ಲಿ ಶನಿವಾರ ರಾತ್ರಿ ಎಂಟಾದಾಗ, ಚಳಿಗಾಲದ ಲೆಕ್ಕದಲ್ಲಿ, ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಆರೂವರೆ. ಷರತ್ತುಗಳನ್ನು ಅವರೇ ಹಾಕಿದ್ದಾರೆ. ಸ್ನಾನ, ಪೂಜೆ ಮುಗಿಯುವವರೆಗೆ ಯಾರೂ ಸಾಯಕೂಡದು. ರಾಕ್ಷಸರು ಏನಿದ್ದರೂ ಎರಡನೇ ಕಾಫಿ ಆದ ಮೇಲೆ. ಮತ್ತೆ, ಅಳಿಯಂದಿರ ಕೈಗೆ ಮಾತ್ರ ಯಾವ ಮನೆಯ ಕೀಲಿಯನ್ನೂ ಕೊಡಬೇಡಿ.